ಟವರ್ ಯಾರದು?

ಮೊನ್ನೆ ರಾತ್ರಿ ನಾಲೆ ನೀರಿನ ಸರದಿ ನಂದಿತ್ತು. ಸೌಡಿ ತೂಬು ಎತ್ತಿ ಹೋದ ಮೇಲೆ ಬದುವಿನ ಮೇಲೆ ಕೂತು ಅಪ್ಪನ ಕಾಲದ ರೇಡಿಯೋ ಹಾಕ್ದೆ. ಮೈಸೂರು ಆಕಾಶವಾಣಿ, 100.6. ನಮ್ಮ ಬಯಲಲ್ಲಿ ಚೆನ್ನಾಗೇ ಬರುತ್ತೆ. ಮಳವಳ್ಳಿ ಕಡೆ ಭಾವನ ಊರಿಗೆ ಹೋದ್ರೆ ದಿಬ್ಬದ ಮೇಲೆ ಹಾಡು, ಹಳ್ಳಕ್ಕಿಳಿದ್ರೆ ಬರೀ ಸೊರ್ ಅಂತ ಸದ್ದು. ಎಫ್‌ಎಂ ಅಲೆ ನೇರ ಹೋಗೋದು ಕಣ್ರಪ್ಪಾ, ದಿಣ್ಣೆ ಅಡ್ಡ ಬಂದ್ರೆ ಮುಗೀತು.

ಅದಕ್ಕೇ ಸಣ್ಣ ಮರುಪ್ರಸಾರ ಟವರ್ ಹಾಕೋದು. ಸ್ವಂತ ಸ್ಟುಡಿಯೋ ಇರಲ್ಲ, ಬೇರೆ ಊರಿನ ಕಾರ್ಯಕ್ರಮ ಹಿಡಿದು ಸುತ್ತಮುತ್ತ ಬಿಡೋದು ಅಷ್ಟೆ. 2023ರ ಏಪ್ರಿಲ್ 28ರಂದು ದೇಶದಲ್ಲಿ ಒಂದೇ ದಿನ 100 ವ್ಯಾಟಿನ 91 ಟವರ್ ಶುರುವಾದವು. ಒಡೆತನ ಪೂರಾ ಪ್ರಸಾರ ಭಾರತಿದು. ಟವರ್ ಊರಲ್ಲಿದ್ರೂ ಮಾತು ಊರಿಂದಲ್ಲ.

ಮೈಸೂರು ರೇಡಿಯೋ ಹುಟ್ಟಿದ್ದು ಹಂಗಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೇಲೇ 30 ವ್ಯಾಟಿನ ಯಂತ್ರ ಇಟ್ಕೊಂಡು ಶುರು ಮಾಡಿದ್ರು. ನಮ್ಮ ಟ್ಯೂಬ್‌ಲೈಟಿಗಿಂತ ಕಮ್ಮಿ! ಆಮೇಲೆ ಪುರಸಭೆ ಕೈ ಹಿಡೀತು, ಸಂಸ್ಥಾನ ವಹಿಸಿಕೊಂಡಿತು, 1950ರಲ್ಲಿ ಕೇಂದ್ರದ ಪಾಲಾಯ್ತು. 1955ರಲ್ಲಿ ನಿಲಯಾನೇ ಬೆಂಗಳೂರಿಗೆ ಹೋಯ್ತು. ಮೈಸೂರಿಗೆ ಮತ್ತೆ ನಿಲಯ ಬಂದಿದ್ದು 1974ರಲ್ಲಿ. ಹತ್ತೊಂಬತ್ತು ವರ್ಷ ಯಾರ ಅಪ್ಪಣೆ ಕೇಳಿದ್ರು?

ಈಗ ಖಾಸಗಿಯವರ ಸರದಿ. 2024ರ ಆಗಸ್ಟಲ್ಲಿ 234 ಊರುಗಳಿಗೆ 730 ಚಾನೆಲ್ ಹರಾಜು ಹಾಕೋಕೆ ಕೇಂದ್ರ ಸಂಪುಟ ಒಪ್ಪಿತು. ಹಾಡು, ಜಾಹೀರಾತು ಬೇಕಾದಷ್ಟು ಬರುತ್ತೆ. ಆದ್ರೆ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದಂಗಿಲ್ಲ, ಆಕಾಶವಾಣಿದೇ ಹಾಕ್ಬೇಕು. ಕಟ್ಟೆ ಎಷ್ಟಕ್ಕೆ ಬಂತು, ನಾಲೆ ಯಾವತ್ತು ನಿಲ್ಲುತ್ತೆ, ಇದನ್ನ ಹೇಳೋರು ಯಾರು? ಹೋದ ಸಲ ವಾಟ್ಸಾಪಲ್ಲಿ ಮೂರು ಥರ ಸುದ್ದಿ ಬಂತು. ನಂಬಿ ಒಟ್ಲು ಬಿಟ್ಟೆ, ಒಣಗೋಯ್ತು. ಬೀಜದ ದುಡ್ಡು, ಉಳುಮೆ ಎಲ್ಲಾ ಮಣ್ಣು.

ಇನ್ನೊಂದು ದಾರಿ ಇದೆ, ಸಮುದಾಯ ರೇಡಿಯೋ. 2006ರಿಂದ ಲಾಭ ನೋಡದ ಸಂಸ್ಥೆಗಳಿಗೂ ಲೈಸೆನ್ಸ್ ಸಿಗುತ್ತೆ, ಕೃಷಿ ವಿಜ್ಞಾನ ಕೇಂದ್ರಕ್ಕೂ ಸಿಗುತ್ತೆ. ಒಬ್ಬ ವ್ಯಕ್ತಿಗೆ, ಪಕ್ಷಕ್ಕೆ ಇಲ್ಲ. ಸರಗೂರಿನ ಜನಧ್ವನಿ ಹುಟ್ಟಿದ್ದು ಹಂಗೇ. ನಮಗೆ ವಿ.ಸಿ. ಫಾರಂ ಪಕ್ಕದಲ್ಲೇ ಇದೆ. ಕರೆಂಟ್ ಬಿಲ್ಲು, ಸಂಬಳ ಯಾರು ಕೊಡ್ತಾರೆ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. ಮದ್ದೂರು ಸಂತೇಲಿ ಸಿಕ್ಕಿದ್ರೆ ಹೇಳ್ರಪ್ಪಾ, ನಾಕು ಜನ ಹೋಗಿ ಕೇಳ್ಕೊಂಡು ಬರಾಣ.

ಹನ್ನೊಂದು ದಾಟಿತು, ರೇಡಿಯೋ ಸುಮ್ಮನಾಯ್ತು. ಕೆಳಗಿನ ಗದ್ದೆಗೆ ನೀರು ಇನ್ನೂ ಹತ್ತಿರಲಿಲ್ಲ.