ಕೀಲಿಕೈಯಿಲ್ಲದ ಗಾಡಿ

ಸಂಸಾರಸ್ಥರ ಮನೆಯಲ್ಲಿ ಕೀಲಿಕೈಗೆ ಇರುವ ಮಾನವು ವಾಚಕರಿಗೆ ತಿಳಿಯದ್ದಲ್ಲ. ಸೊಸೆಯು ಮನೆ ತುಂಬಿ ಹತ್ತು ವರ್ಷಗಳಾದರೂ ಅತ್ತೆಯ ಸೊಂಟದಿಂದ ಅದು ಇಳಿಯದ ಮನೆಗಳನ್ನು ನಾವು ಈ ಸಾವಳಗಿಯಲ್ಲಿಯೇ ಎಷ್ಟೋ ಕಂಡಿದ್ದೇವೆ. ಇಂತಹ ಊರಿಗೆ, ಎರಡು ವರ್ಷಗಳ ಹಿಂದೆ, ಬರಿಯ ಗುಂಡಿಯೊಂದನ್ನು ಒತ್ತಿದರೆ ಹೊರಡುವ ಮೋಟಾರುಗಾಡಿಯನ್ನು ನಾವು ಕೊಂಡು ತಂದಾಗ, ನಮ್ಮ ಮಾತೋಶ್ರೀಯವರು ಅದರ ಸುತ್ತ ಒಮ್ಮೆ ತಿರುಗಿ ನೋಡಿ, “ಕೀಲಿಕೈ ಇಲ್ಲವೆಂದರೆ ಇದು ಯಾರ ಮಾತು ಕೇಳುತ್ತದೆ?” ಎಂದು ಪ್ರಶ್ನಿಸಿದರು. ನಾವು ನಕ್ಕು ಸುಮ್ಮನಾದೆವು. ಆ ಪ್ರಶ್ನೆಯಲ್ಲಿ ನಗುವಂತಹದೇನೂ ಇರಲಿಲ್ಲವೆಂಬದು ನಮಗೆ ತಿಳಿದದ್ದು ಮುಂದೆ.

ಕೀಲಿಕೈ ಇಲ್ಲವೆಂಬದು ಮಾತಿನ ರೂಢಿ ಮಾತ್ರ. ಅದು ಇದ್ದೇ ಇದೆ; ಆದರೆ ಹಲ್ಲುಳ್ಳ ಲೋಹದ ಕಡ್ಡಿಯಾಗಿ ಅಲ್ಲ, ಕಿಸೆಯಲ್ಲಿ ಮಲಗಿರುವ ಒಂದು ಕರಿಯ ಬಿಲ್ಲೆಯಾಗಿ. ಗುಂಡಿಯನ್ನು ಒತ್ತಿದೊಡನೆ ಗಾಡಿಯು, ತನ್ನ ಒಡಲೊಳಗೆ ಇದ್ದವರಿಗಷ್ಟೇ ಕೇಳಿಸುವಂತೆ, ಮೆಲ್ಲನೆಯ ರೇಡಿಯೋ ತರಂಗವನ್ನು ಹೊರಡಿಸಿ “ನಮ್ಮವರು ಇದ್ದೀರಾ?” ಎಂದು ವಿಚಾರಿಸುವದು, ಬಿಲ್ಲೆಯು ಬೇರೊಂದು ತರಂಗದಲ್ಲಿ ಗುಪ್ತ ಸಂಕೇತದಿಂದ “ಇದ್ದೇವೆ” ಎನ್ನುವದು. ಆ ಉತ್ತರವು ಸರಿಯಾಗಿದ್ದು, ಚಾಲಕನ ಕಾಲು ಬ್ರೇಕಿನ ಮೇಲಾಗಲಿ ಕ್ಲಚ್ಚಿನ ಮೇಲಾಗಲಿ ಇದ್ದರೆ ಮಾತ್ರ ಎಂಜಿನ್ ಹೊರಡುತ್ತದೆ. ಆದ್ದರಿಂದ ಕಾಲು ನಿಲುಕದ ಕೂಸು ಗುಂಡಿಯನ್ನು ಒತ್ತಿ ಆಡಿದ ಮಾತ್ರಕ್ಕೆ ಗಾಡಿ ಓಡಲಾರದು.

ಇದರ ಸುಖವನ್ನು ನಾವು ಅಲ್ಲಗಳೆಯುವದಿಲ್ಲ. ಜಮಖಂಡಿಯ ಪೇಟೆಯಿಂದ ಎರಡೂ ಕೈಗಳಲ್ಲಿ ಚೀಲಗಳನ್ನು ಹಿಡಿದು ಮಳೆಯಲ್ಲಿ ಬರುವಾಗ ಕಿಸೆಗೆ ಕೈ ಹಾಕುವ ಪ್ರಸಂಗವಿಲ್ಲ; ಕತ್ತಲಲ್ಲಿ ಕೀಲಿಯ ತೂತನ್ನು ತಡವುವ ಕಾಟವಿಲ್ಲ; ನಮ್ಮ ಬಲಗೈಯ ಸಂಧಿವಾತಕ್ಕಂತೂ ಇದು ದೊಡ್ಡ ಉಪಕಾರ. ನಮ್ಮ ಅಜ್ಜನವರು ತಮ್ಮ ಕಾಲದ ಸರ್ವಿಸ್ ಮೋಟಾರಿನ ಕಥೆ ಹೇಳುತ್ತಿದ್ದರು: ಕ್ಲೀನರನು ಮುಂದೆ ನಿಂತು ಹ್ಯಾಂಡಲ್ ತಿರುವುವಾಗ ಅದು ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುತ್ತಿತ್ತಂತೆ. ಆ ಕಷ್ಟವನ್ನು ತಪ್ಪಿಸಿದವನು ಅಮೇರಿಕೆಯ ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸ್ಟಾರ್ಟರು 1912 ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದಿತು. ಅಂದಿನಿಂದ ಬಹುಕಾಲ ಗಾಡಿಗಳು ಹೊರಡುತ್ತಿದ್ದುದು ಗುಂಡಿಯಿಂದಲೇ. ವಿಲ್ಲೀಸ್ ಜೀಪಿನಲ್ಲಿ ಅದನ್ನು ಕಾಲಿನಿಂದ ಒತ್ತುತ್ತಿದ್ದರು. ಕೀಲಿಕೈಯನ್ನು ತಿರುಗಿಸಿಯೇ ಎಂಜಿನ್ ಹೊರಡಿಸುವ ಪದ್ಧತಿಯನ್ನು ಕ್ರೈಸ್ಲರ್ ಕಂಪನಿಯು ತಂದದ್ದು 1949 ರಲ್ಲಿ. ಹೀಗಾಗಿ, ನಮ್ಮ ಹುಡುಗರು ಹೊಸದೆಂದು ಮೆರೆಸುವ ಗುಂಡಿಯು ಕೀಲಿಕೈಗಿಂತ ವಯಸ್ಸಿನಲ್ಲಿ ಹಿರಿಯದು. ಭೇದವೊಂದೇ: ಆಗಿನ ಗುಂಡಿಯು ವಿದ್ಯುತ್ತನ್ನು ನೇರವಾಗಿ ಸ್ಟಾರ್ಟರಿಗೆ ಹರಿಸುತ್ತಿತ್ತು, ಈಗಿನದು ಗಾಡಿಯ ಗಣಕಯಂತ್ರಕ್ಕೆ ಸಲ್ಲಿಸುವ ಒಂದು ವಿನಂತಿ ಮಾತ್ರ. ವಿನಂತಿಯು ಮಾನ್ಯವಾಗಬಹುದು, ಆಗದಿರಬಹುದು.

ಅದು ಮಾನ್ಯವಾಗದ ರಾತ್ರಿಯ ಸಂಗತಿಯನ್ನು ಹೇಳಲೆಂದೇ ಈ ಲೇಖನ. ಕಳೆದ ಕಬ್ಬಿನ ಹಂಗಾಮಿನಲ್ಲಿ, ರಾತ್ರಿ ಹನ್ನೊಂದರ ಸುಮಾರಿಗೆ, ಮಾತೋಶ್ರೀಯವರಿಗೆ ಉಬ್ಬಸ ಹೆಚ್ಚಾಗಿ ತುಟಿ ಕಪ್ಪಿಡಹತ್ತಿತು. ನಮ್ಮ ಕೊಟ್ಟಿಗೆಯ ಬಾಗಿಲು ಇಕ್ಕಟ್ಟಾದುದರಿಂದ ತಮ್ಮನ ಮಗನು ಗಾಡಿಯನ್ನು ಹೊರಗೆ ತೆಗೆದು, ಎಂಜಿನ್ ಆರಿಸದೆ ಇಳಿದು, ನಮಗೆ ಸ್ಥಳ ಬಿಟ್ಟುಕೊಟ್ಟನು. ಮಾತೋಶ್ರೀಯವರನ್ನು ಹಿಂದೆ ಮಲಗಿಸಿ ನಾವು ಜಮಖಂಡಿಯ ಕಡೆಗೆ ಹೊರಟೆವು. ಹೊರಡುವಾಗ ಗಾಡಿಯು ಮೂರು ನಾಲ್ಕು ಸಲ ಚಿಲಿಪಿಲಿಗುಟ್ಟಿತು. ಅದು ಪಟ್ಟಿ ಕಟ್ಟಿಕೊಳ್ಳದಿದ್ದರೂ ಚಿಲಿಪಿಲಿಗುಟ್ಟುತ್ತದೆ, ಬಾಗಿಲು ಸರಿಯಾಗಿ ಹಾಕದಿದ್ದರೂ ಗುಟ್ಟುತ್ತದೆ. ದಿನವೂ ಬೊಗಳುವ ನಾಯಿಯ ಕೂಗಿಗೆ ಯಾರು ಎದ್ದು ಹೋಗುವರು?

ಕೃಷ್ಣೆಯ ಸೇತುವೆ ಇನ್ನೂ ಮುಂದಿರುವಾಗಲೇ ಕಬ್ಬಿನ ಟ್ರೇಲರೊಂದು ರಸ್ತೆಗೆ ಅಡ್ಡಲಾಗಿ ಮಗುಚಿ ಬಿದ್ದಿತ್ತು. ಗಾಡಿಗಳ ಸಾಲು ನಿಂತಿತು. ಎಣ್ಣೆ ಉಳಿಸುವ ಹಳೆಯ ರೂಢಿಯಂತೆ ನಾವು ಗುಂಡಿಯನ್ನು ಒತ್ತಿ ಎಂಜಿನನ್ನು ಆರಿಸಿದೆವು. ದಾರಿ ತೆರವಾದ ಮೇಲೆ ಒತ್ತಿದರೆ ಎಂಜಿನ್ ಏಳಲೊಲ್ಲದು. ಕೀಲಿಕೈ ಕಾಣುವದಿಲ್ಲವೆಂದು ಫಲಕದ ಮೇಲೆ ಅಕ್ಷರಗಳು ಮೂಡಿದವು. ಅದು ಕಾಣುವದಾದರೂ ಹೇಗೆ? ಸಾವಳಗಿಯಲ್ಲಿ, ಹುಡುಗನ ಅಂಗಿಯ ಕಿಸೆಯಲ್ಲಿ ಇದ್ದಿತು. ಹಿಂದಿನ ಗಾಡಿಯವರು ಹಾರ್ನು ಬಾರಿಸಹತ್ತಿದರು. ಮಾತೋಶ್ರೀಯವರ ಉಸಿರಾಟದ ಸಪ್ಪಳವನ್ನು ಕೇಳುತ್ತ ನಾವು ಆ ಗುಂಡಿಯನ್ನು ಎಷ್ಟು ಸಲ ಒತ್ತಿದೆವೋ ಲೆಕ್ಕವಿಲ್ಲ.

ಕಬ್ಬಿನ ಟ್ರ್ಯಾಕ್ಟರಿನ ಚಾಲಕನೊಬ್ಬನು ಇಳಿದು ಬಂದು, ಸಂಗತಿಯನ್ನು ಕೇಳಿ, ತನ್ನ ಟ್ರ್ಯಾಕ್ಟರಿನ ಕೀಲಿಕೈಯನ್ನು ತೋರಿಸಿ, “ಯಜಮಾನರೆ, ಇದು ನಮ್ಮ ಓಣಿಯ ನಾಲ್ಕು ಟ್ರ್ಯಾಕ್ಟರಿಗೆ ಹತ್ತುತ್ತದೆ, ನಿಮ್ಮದು ನಿಮಗೇ ಹತ್ತಲಿಲ್ಲವಲ್ಲ” ಎಂದನು. ಮೂದಲಿಕೆಯಾದರೂ ಮನುಷ್ಯನು ದೊಡ್ಡವನು. ಅವನೇ ಒಂದು ಟಂಟಂ ಗಾಡಿಯನ್ನು ತಡೆದು ನಿಲ್ಲಿಸಿ, ಮಾತೋಶ್ರೀಯವರನ್ನು ತಾನೇ ಎತ್ತಿ ಅದರಲ್ಲಿ ಮಲಗಿಸಿದನು. ನಾವು ಅವರೊಡನೆ ದವಾಖಾನೆಗೆ ಹೋದೆವು. ಇನ್ನು ಅರ್ಧ ತಾಸು ತಡವಾಗಿದ್ದರೆ ಕಠಿಣವಾಗುತ್ತಿತ್ತೆಂದು ಡಾಕ್ಟರರು ಹೇಳಿದರು. ಮಾತೋಶ್ರೀಯವರು ಐದು ದಿನಗಳ ಮೇಲೆ ಮನೆಗೆ ಬಂದರು.

ಕೀಲಿಕೈ ದೂರವಾದೊಡನೆ ಎಂಜಿನ್ ತಾನಾಗಿ ಏಕೆ ನಿಲ್ಲಲಿಲ್ಲವೆಂದು ವಾಚಕರು ಕೇಳಬಹುದು. ನಿಲ್ಲಬಾರದೆಂದೇ ಹಾಗೆ ಮಾಡಿರುತ್ತಾರೆ. ಓಡುವ ಗಾಡಿಯಲ್ಲಿ ಬಿಲ್ಲೆಯ ಸಣ್ಣ ಬ್ಯಾಟರಿ ಸತ್ತಿತೆಂದು ಎಂಜಿನ್ ಆರಿದರೆ, ಚುಕ್ಕಾಣಿಗೂ ಬ್ರೇಕಿಗೂ ಇರುವ ಯಂತ್ರದ ಸಹಾಯ ತಪ್ಪಿ ದೊಡ್ಡ ಅನಾಹುತವಾದೀತು. ಹಾಗೆ ಬ್ಯಾಟರಿ ಸತ್ತಾಗ ಬಿಲ್ಲೆಯನ್ನೇ ಗುಂಡಿಗೆ ತಾಗಿಸಿ ಹಿಡಿದರೆ ಅನೇಕ ಗಾಡಿಗಳು ಹೊರಡುವವು. ಅದರ ಹೊಟ್ಟೆಯೊಳಗೆ ಬಾಗಿಲಿನ ಲೋಹದ ಕೀಲಿಕೈಯೂ ಅಡಗಿರುವದು. ಇದೆಲ್ಲ ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿದೆ. ನಾವು ಅದನ್ನು ಬಿಚ್ಚಿ ಓದಿದ್ದು ಆ ರಾತ್ರಿಯ ಮರುದಿನ, ದವಾಖಾನೆಯ ಬೆಂಚಿನ ಮೇಲೆ.

ಪರದೇಶಗಳಲ್ಲಿ ಇದರ ದೋಷಗಳು ಬೇರೆ ಬಗೆಯಾಗಿ ಕಂಡಿವೆ. ಗುಂಡಿಯನ್ನೊತ್ತಿ ಆರಿಸುವದನ್ನು ಮರೆತು, ಬಿಲ್ಲೆ ಕಿಸೆಯಲ್ಲಿದೆಯೆಂಬ ಧೈರ್ಯದಿಂದ ಮಲಗಲು ಹೋದವರು, ಮನೆಗೆ ಹೊಂದಿದ ಮುಚ್ಚಿದ ಗ್ಯಾರೇಜಿನಿಂದ ಹಬ್ಬಿದ ವಿಷವಾಯುವಿನಿಂದ ಸತ್ತುದುಂಟು. 2006 ರಿಂದೀಚೆಗೆ ಎರಡು ಡಜನಿಗೂ ಮಿಕ್ಕಿ ಜನರು ಹೀಗೆ ಅಳಿದರೆಂದು 2018 ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಬರೆಯಿತು. ಎಂಜಿನ್ ತಾನಾಗಿ ಆರುವಂತೆ ನಿಯಮ ಮಾಡಬೇಕೆಂದು 2021 ರಲ್ಲಿ ಅಲ್ಲಿ ಕಾಯಿದೆಯಾಯಿತು. ನಮ್ಮ ತಗಡಿನ ಕೊಟ್ಟಿಗೆಗೆ ಮೂರು ಕಡೆ ಗಾಳಿಯಿದೆ. ಪಟ್ಟಣದಲ್ಲಿ ಮುಚ್ಚಿದ ಗ್ಯಾರೇಜುಳ್ಳವರು ವಿಚಾರ ಮಾಡಲಿ. ಇನ್ನು ಕಳ್ಳತನದ ಮಾತು. ಒಬ್ಬನು ಮನೆಯ ಗೋಡೆಯ ಹತ್ತಿರವೂ ಇನ್ನೊಬ್ಬನು ಗಾಡಿಯ ಹತ್ತಿರವೂ ಯಂತ್ರ ಹಿಡಿದು ನಿಂತು, ಒಳಗಿನ ಬಿಲ್ಲೆಯ ಉತ್ತರವನ್ನು ಗಾಡಿಗೆ ಮುಟ್ಟಿಸಿ ಅದನ್ನು ಮೋಸಗೊಳಿಸಬಹುದು. ಜೂರಿಕ್ ನಗರದ ತಾಂತ್ರಿಕ ವಿದ್ಯಾಲಯದ ಸಂಶೋಧಕರು 2011 ರಲ್ಲಿ 8 ಕಂಪನಿಗಳ 10 ಮಾದರಿಗಳನ್ನು ಪರೀಕ್ಷಿಸಲಾಗಿ ಹತ್ತೂ ಮೋಸಹೋದವು. ಮುಂದೆ ಕೆಲವು ಕಂಪನಿಗಳು ಇದಕ್ಕೆ ಉಪಾಯಗಳನ್ನು ಸೇರಿಸಿವೆ.

ಆದರೂ ಗಾಡಿಯನ್ನು ಮಾರುವ ವಿಚಾರ ನಮಗಿಲ್ಲ. ಹುಡುಗನನ್ನು ಆ ರಾತ್ರಿ ಬಯ್ದುದು ತಪ್ಪೆಂದು ಈಗ ಅನಿಸುತ್ತದೆ. ಲೋಹದ ಕೀಲಿಕೈಯಾಗಿದ್ದರೆ ಅವನು ಇಳಿದರೂ ಅದು ಗಾಡಿಯಲ್ಲಿಯೇ ಉಳಿಯುತ್ತಿತ್ತು, ಅವನು ನೆನಪಿಡಬೇಕಾದುದೇನೂ ಇರಲಿಲ್ಲ. ಈಗ ಸ್ಟಿಯರಿಂಗಿನ ಬದಿಗೆ ಒಂದು ಕೊಂಡಿಯನ್ನು ಹಾಕಿಸಿದ್ದೇವೆ. ಯಾರು ನಡೆಸಲಿ, ಬಿಲ್ಲೆಯು ಅಲ್ಲಿ ಕಣ್ಣಿಗೆ ಬೀಳುವಂತೆ ತೂಗಬೇಕು. ಇದಕ್ಕೆ ಹುಡುಗರು ನಗುತ್ತಾರೆ. ಎರಡನೆಯ ಬಿಲ್ಲೆಯ ಬಗ್ಗೆ ಮಾತ್ರ ಮನೆಯಲ್ಲಿ ತಂಟೆ ಇನ್ನೂ ಹರಿದಿಲ್ಲ. ಅದು ಪಡಸಾಲೆಯ ಮೊಳೆಗೆ ಇರಲೆಂದು ನಾವು ಅನ್ನುತ್ತೇವೆ. ಮಾತೋಶ್ರೀಯವರು ಅದನ್ನು ತಮ್ಮ ಕೀಲಿಕೈ ಗೊಂಚಲಿಗೆ ಪೋಣಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ.