ಹಿಂದಿನ ಚಕ್ರದ ಹೊಟ್ಟೆಯೊಳಗೆ ಏನಿದೆ?

ನಮ್ಮ ಮನೆ ನಲ್ಲೂರಿನಿಂದ 4 ಕಿಲೋಮೀಟರ್ ದೂರ, ತೋಟದಲ್ಲಿ. ನಾನು ಶಾಲೆಗೆ ಬರುವುದು ಅಕ್ಕನ ಸೈಕಲ್ಲಿನಲ್ಲಿ. ಅದು 2018ರಲ್ಲಿ ಅವಳು 8ನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಬಂದದ್ದು. 2006-07ರಲ್ಲಿ ಶುರುವಾಗಿದ್ದ ಆ ಯೋಜನೆ ಕೊರೋನಾ ಬಂದ ಮೇಲೆ ನಿಂತಿತು. ನನ್ನ ಸರದಿಗೆ ಸೈಕಲ್ ಬರಲಿಲ್ಲ. ಮನೆಯಲ್ಲಿರುವುದು ಅದೊಂದೇ.

ಈ ಮಳೆಗಾಲದಲ್ಲಿ ಅದರ ಹಿಂದಿನ ಚಕ್ರ ಕರಕರ ಅನ್ನತೊಡಗಿತು. ತುಳಿದರೆ ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು. ಅಂಗಡಿಯಲ್ಲಿ ತೋರಿಸಿದರೆ, "ಹಬ್ ಹೋಗಿದೆ, ಇಡೀ ಚಕ್ರ ಹೊಸದು ಹಾಕ್ಬೇಕು" ಅಂದರು. ಅಷ್ಟು ದುಡ್ಡು ಇರಲಿಲ್ಲ. ಗುಜರಿಯವನು ಬಂದು ತೂಕಕ್ಕೆ ಕೇಳಿದ. ಅಪ್ಪ, "ಕೊಟ್ಬಿಡಾಣ, ಸ್ವಲ್ಪ ದಿನ ನಡ್ಕೊಂಡು ಹೋಗು" ಅಂದರು. ಸಂಜೆ ಕ್ಲಾಸ್ ಮುಗಿಸಿ ಕತ್ತಲಲ್ಲಿ ನಾಲೆ ಏರಿ ಮೇಲೆ ಒಬ್ಬಳೇ ನಡೆಯಬೇಕು. ಅಂದರೆ ಸಂಜೆ ಕ್ಲಾಸ್ ಬಿಟ್ಟ ಹಾಗೇ. ನನಗೆ ಅಳು ಬಂತು.

ನಮ್ಮ ಅಜ್ಜ ಹಿಂದೆ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದವರು. "ಹೊಟ್ಟೆ ಬಿಚ್ಚಿ ನೋಡ್ದಲೇ ಸತ್ತೋಯ್ತು ಅಂದ್ರೆ ಹೆಂಗೆ? ಪಾನಾ ತಗಂಬಾ ಮಗ" ಅಂದರು.

ಚೈನು ಇಳಿಸಿ, ಚಕ್ರ ಬಿಚ್ಚಿ, ಎಡಗಡೆಯ ಕೋನ್ ತಿರುಗಿಸಿ ತೆಗೆದೆವು. ಕೆಳಗಿಟ್ಟ ತಟ್ಟೆಗೆ ಬಾಲ್ಸ್ ಉದುರಿದವು. ಒಂದೊಂದು ಕಡೆ ಕಾಲಿಂಚಿನವು 9, ಒಟ್ಟು 18 ಇರಬೇಕು. ನಮಗೆ ಸಿಕ್ಕಿದ್ದು 16, ಅದರಲ್ಲಿ 3 ಒಡೆದಿದ್ದವು. ಗ್ರೀಸ್ ಇರಬೇಕಾದ ಜಾಗದಲ್ಲಿ ಕೆಂಪು ಕೆಸರಿತ್ತು. ಡೀಸೆಲ್ಲಿನಲ್ಲಿ ತೊಳೆದು ನೋಡಿದರೆ ಕೋನ್‌ಗಳ ಮೇಲೆ ಸಿಡುಬಿನ ಕಲೆಯಂತೆ ಗುಳಿಗಳು. ಆದರೆ ಹಬ್ಬಿನ ಬಟ್ಟಲಲ್ಲಿ ಉಗುರಾಡಿಸಿದರೆ ಎಲ್ಲೂ ತಡೆಯಲಿಲ್ಲ. "ಬಟ್ಲು ಚೆನ್ನಾಗೈತೆ, ಹಬ್ ಬದುಕ್ತು" ಅಂದರು ಅಜ್ಜ.

ಆಕ್ಸಲ್ಲನ್ನು ಗಾರೆ ನೆಲದ ಮೇಲೆ ಉರುಳಿಸಿದಾಗ ಅದು ಕುಂಟುತ್ತಾ ಹೋಯಿತು. ಬಲಗಡೆ ಬಾಗಿತ್ತು. ಆ ಕಡೆಯೇ ಏಕೆ ಎಂದು ಕೇಳಿದೆ. ಫ್ರೀವೀಲ್ ಕೂರಲು ಜಾಗ ಬಿಟ್ಟು ಬಲಗಡೆಯ ಕೋನ್ ಒಳಗೆ ಸರಿದಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಆಸರೆ ಇಲ್ಲ. ಕ್ಯಾರಿಯರ್ ಮೇಲೆ ಅಡಿಕೆ ಚೀಲ, ಹುಲ್ಲಿನ ಹೊರೆ ಹೇರಿದಾಗ ಅಲ್ಲೇ ಬಾಗುತ್ತದೆ.

ಒಂದು ಆಕ್ಸಲ್, ಎರಡು ಕೋನ್, 18 ಬಾಲ್ಸ್ ಹೊಸದಾಗಿ ತಂದೆವು. ಚೆನ್ನಾಗಿದ್ದ ಹಳೇ ಬಾಲ್ಸ್ ಸೇರಿಸೋಣವೆಂದರೆ ಅಜ್ಜ ಬೇಡವೆಂದರು. ಸವೆದವು ಕೂದಲೆಳೆಯಷ್ಟು ಸಣ್ಣ ಆಗಿರುತ್ತವೆ. ಆಗ ಭಾರವೆಲ್ಲ ಹೊಸವುಗಳ ಮೇಲೇ ಬಿದ್ದು ಅವೂ ಒಡೆಯುತ್ತವೆ. ಬಟ್ಟಲಿಗೆ ಗ್ರೀಸ್ ತುಂಬಿ ಒಂದೊಂದೇ ಬಾಲ್ ಕೂರಿಸಿದೆ. ಅಂಟಿಕೊಂಡು ಬೀಳದೇ ನಿಂತವು. ಫ್ರೀವೀಲಿಗೆ ಮಾತ್ರ ಗ್ರೀಸ್ ಅಲ್ಲ, ಎಣ್ಣೆ. ಕೋನ್ ಪೂರ್ತಿ ಬಿಗಿದು, ಸ್ವಲ್ಪ ಹಿಂದಕ್ಕೆ ಸಡಿಲಿಸಿ, ಮೇಲೆ ನಟ್ಟು ಬಿಗಿಯಬೇಕು. ಹೆಚ್ಚು ಬಿಗಿದರೆ ಬಾಲ್ಸ್ ಅರೆಯುತ್ತವೆ, ಸಡಿಲ ಬಿಟ್ಟರೆ ಚಕ್ರ ಅಲ್ಲಾಡುತ್ತದೆ. ಮೂರನೇ ಸಲಕ್ಕೆ ಹದ ಸಿಕ್ಕಿತು. ಚಕ್ರ ಎತ್ತಿ ಬಿಟ್ಟಾಗ ವಾಲ್ ಇರುವ ಕಡೆ ತಾನಾಗಿ ಕೆಳಗಿಳಿದು, ತೂಗಾಡಿ, ಸದ್ದಿಲ್ಲದೆ ನಿಂತಿತು.

ಖರ್ಚು ಹೊಸ ಚಕ್ರದ ಕಾಲುಭಾಗವೂ ಆಗಲಿಲ್ಲ. ಗುಜರಿಯವನು ಮತ್ತೆ ಬಂದಾಗ ಅಪ್ಪನೇ, "ಸೈಕಲ್ ಇಲ್ಲಪ್ಪ, ಇವೈತೆ ತಗಾ" ಎಂದು ಬಾಗಿದ ಆಕ್ಸಲ್ಲು, ಎರಡು ಕೋನ್ ಕೊಟ್ಟರು.

ಗೆಳೆಯ ಗೆಳತಿಯರೇ, ನಿಮ್ಮ ಸೈಕಲ್ ಕರಕರ ಅಂದರೆ ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ. ಕೋನ್ ಸವೆದಾಗಲೇ ಬದಲಿಸಿದರೆ ಬಟ್ಟಲು ಉಳಿಯುತ್ತದೆ, ಬಟ್ಟಲು ಉಳಿದರೆ ಚಕ್ರ ಉಳಿಯುತ್ತದೆ. ಪಾನಾ ಬೇಕಾದವರು ನನ್ನನ್ನು ಕೇಳಿ. ಅಜ್ಜ ಕೊಡುತ್ತಾರೆ, ಆದರೆ ನೀವೇ ಬಿಚ್ಚಬೇಕು!

– 9ನೇ ತರಗತಿ ವಿದ್ಯಾರ್ಥಿನಿ