ಅವ್ವನ ಕಂಪ್ಯೂಟರಿಗೆ ಕಾಕಾನ ಟೀವಿ

ಹೋದ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನಿ ಕಿಡಕಿಯಿಂದ ಹೊಗಿ ಬಂದದ್ದನ್ನ ನೋಡಿದವರು ಇನ್ನೂ ಕೇಳ್ತಾರ, "ಏನ್ರೀ, ಅವತ್ತು ಕುಕ್ಕರ್ ಹೊತ್ತಿತ್ತೇನು?" ಅಂತ. ಕುಕ್ಕರ್ ಅಲ್ಲರೀ. ಹೊಗಿ ಬಿಟ್ಟದ್ದು ಅವ್ವನ ಕಂಪ್ಯೂಟರು. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಹೇಳಿ ಸಾಕಾಗೇದ, ಅದಕ್ಕ ಎಲ್ಲಾರಿಗೂ ಕೂಡಿಸಿ ಇಲ್ಲೇ ಬರದು ಬಿಡ್ತೀನಿ.

ಅವ್ವ ಹೈಸ್ಕೂಲಿನ್ಯಾಗ ಗಣಿತ ಕಲಸ್ತಿದ್ಳು ಅನ್ನೂದು ನಿಮಗ ಗೊತ್ತದ. 1984ರಾಗ ಕೇಂದ್ರ ಸರ್ಕಾರ ಸಾಲಿ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸಲಿಕ್ಕೆ 'ಕ್ಲಾಸ್' ಅಂತ ಒಂದು ಯೋಜನಾ ಶುರು ಮಾಡ್ತು. ಮೊದಲಿಗೆ ಇಡೀ ದೇಶದಾಗ ಸುಮಾರು 250 ಸಾಲಿ. ಅದಕ್ಕ ತರಿಸಿದ್ದು ಬಿಬಿಸಿ ಮೈಕ್ರೋ ಅನ್ನೋ ಮಷೀನು. ಹೌದು, ರೇಡಿಯೋದ ಬಿಬಿಸಿನೇ. ತಮ್ಮ ಮಂದಿಗೆ ಟೀವಿಯೊಳಗ ಕಂಪ್ಯೂಟರ್ ಕಲಸಬೇಕು ಅಂತ ಅವರು 1981ರಾಗ ಏಕಾರ್ನ್ ಕಂಪನಿ ಕಡಿಂದ ಮಾಡಿಸಿದ್ದು. ಒಳಗ ನೆನಪಿನ ಜಾಗಾ 32 ಕೆಬಿ. ದಿನಾ ಮುಂಜಾನೆ ನೀವು ನನಗ ಕಳಸ್ತೀರಲ್ಲ ಗುಡ್ ಮಾರ್ನಿಂಗ್ ಹೂವಿನ ಫೋಟೋ, ಅದೊಂದು ಸೈತ ಇದರಾಗ ಹಿಡಸೂದಿಲ್ಲ.

ಒಂದೆರಡು ವರ್ಷಕ್ಕ ಅವ್ವನ ಸಾಲಿಗೂ ಬಂತು. ಅವ್ವನ್ನ ತರಬೇತಿಗೆ ಕಳಸಿದ್ರು. ತರಬೇತಿ ಮುಗಿಸಿ ಬಂದ ಮ್ಯಾಲೆ ನೋಡಿದ್ರ, ಕಂಪ್ಯೂಟರ್ ಖೋಲಿಗೆ ಕೀಲಿ. ಧೂಳ ಆಗ್ತದ ಅಂತ ಒಂದು ಮಾತು, ಮಕ್ಕಳು ಕೆಡಸ್ತಾವ ಅಂತ ಇನ್ನೊಂದು. ಸಾಲಿ ಬಿಟ್ಟ ಮ್ಯಾಲೆ ಕೀಲಿ ಬೇಡಿಕೊಂಡು ಹೋಗಿ ಅವ್ವ ಒಬ್ಬಾಕೀನೇ ಕೂಡ್ತಿದ್ಳು. ಒಬ್ಬಾಕೀನೇ ಅಂದ್ರ, ಮೂಲಿಗೆ ಹಸಗೊಂಡು ನಾನೂ. ನನಗ ಆಗ ಆರು ವರ್ಷ. ದೀಪ ಹಚ್ಚೂ ಹೊತ್ತಿಗೆ ಮನಿಗೆ ಬಂದ್ರ ಬಾಗಲದಾಗ ಆಯಿ ಕಾಯ್ಕೋತ ನಿಂತಿರ್ತಿದ್ಳು, ಬೈಲಿಕ್ಕೆ. ಆ ಡಬ್ಬಿ ಮ್ಯಾಲೆ ನನಗ ಸವತಿ ಮಗಳ ಮ್ಯಾಲೆ ಇರೋವಂಥಾ ಸಿಟ್ಟು.

ಮುಂದ ಹೊಸಾ ಕಂಪ್ಯೂಟರ್ ಬಂದಾಗ ಸಾಲಿಯವರು ಹಳೇದ್ದನ್ನ ಮುರುಕು ಬೆಂಚು, ಹರಕು ನಕಾಶಿ ಜೋಡಿ ಲಿಲಾವಿಗೆ ಹಾಕಿದ್ರು. ಅವ್ವ ರೊಕ್ಕಾ ಕೊಟ್ಟು ಆಟೋದಾಗ ಮನಿಗೆ ತಂದ್ಳು. ಆವತ್ತಿನಿಂದ ಅಟ್ಟದ ಮ್ಯಾಲೆ.

ಎರಡು ವರ್ಷದ ಹಿಂದ ಅಪ್ಪ ಹೋದ ಮ್ಯಾಲೆ ಊರ ಮನಿ ಖಾಲಿ ಮಾಡಿ ಅವ್ವನ್ನ ಧಾರವಾಡಕ್ಕ ಕರ್ಕೊಂಡು ಬಂದೆ. ಆವಾಗ ನಾನ ಅಂದಿದ್ದೆ, "ಆ ಕಂಪ್ಯೂಟರ್ ಗುಜರಿಯವಗ ಕೊಟ್ಟು ಬಿಡು, ನಮ್ಮ ಮನ್ಯಾಗ ಜಾಗಾ ಎಲ್ಲದ?" ಅವ್ವ ಏನೂ ಅನ್ನಲಿಲ್ಲ. ಸಾಮಾನು ಇಳಿಸೋವಾಗ ನೋಡಿದ್ರ ಹಳೇ ಇಳಕಲ್ ಸೀರ್ಯಾಗ ಸುತ್ತಿದ ಒಂದು ಗಂಟು ಬಂದಿತ್ತು. ನಾನೂ ಏನೂ ಅನ್ನಲಿಲ್ಲ. ಆ ಮಾತು ಮಾತ್ರ ನನ್ನ ಗಂಟಲಾಗ ಮುಳ್ಳಿನಂಗ ಉಳೀತು.

ಇಲ್ಲಿಗೆ ಬಂದ ಮ್ಯಾಲೆ ಅವ್ವ ಮಾತ ಕಡಿಮಿ ಮಾಡಿದ್ಳು. ಕರದ್ರ ಊಟ, ಇಲ್ಲಂದ್ರ ಇಲ್ಲ. ಈ ಸಲ ಸೂಟಿಗೆ ಬಂದ ನನ್ನ ಮಗ ಆ ಗಂಟು ಬಿಚ್ಚಿ "ಅಜ್ಜಿ, ಇದು ನಿಂದ? ಚಾಲೂ ಮಾಡೋಣಲ್ಲ!" ಅಂದಾಗ ಆಕಿ ಕಣ್ಣು ಎತ್ತಿ ನೋಡಿದ್ಳು ನೋಡ್ರಿ, ಅದಕ್ಕ ನಾ ಬ್ಯಾಡ ಅನ್ನಲಿಲ್ಲ.

ವೈರ್ ಹಚ್ಚಿ ಸ್ವಿಚ್ ಒತ್ತಿದ. ಬುಂಯ್ ಅಂತ ಒಂದು ಸಪ್ಪಳ, ಹಿಂದ ಪೀಂ ಅಂತ ಇನ್ನೊಂದು. "ಹಾಂ! ಇದ!" ಅಂದ್ಳು ಅವ್ವ. ಐದು ನಿಮಿಷ ಆಗಿತ್ತೋ ಇಲ್ಲೋ, ಹಿಂದಿಂದ ಬೆಳ್ಳನ ಹೊಗಿ. ಆ ನಾತಾ ಪಡದೆದಾಗ ಮೂರು ದಿನಾ ಇತ್ತು. ಕರೆಂಟಿನ ಪೆಟಗಿಯೊಳಗ ಕಾಗದ ಸುತ್ತಿ ಮಾಡಿದ ಒಂದು ಥರಾ ಕೆಪಾಸಿಟರ್ ಇರ್ತದಂತ. ವಯಸ್ಸಾದ್ರ ಅದರ ಮೈ ಬಿರುಕು ಬಿಟ್ಟು ಹಸಿ ಹಿಡೀತದ, ಕರೆಂಟ್ ತಾಗಿದ ಕೂಡಲೆ ಹೊಗಿ. ಕಂಪ್ಯೂಟರಿನ ಮಿದುಳಿಗೆ ಏನೂ ಆಗಿರಲಿಲ್ಲ. ನಿಮ್ಮ ಅಟ್ಟದ ಮ್ಯಾಲೆ ಇಂಥಾದ್ದು ಏನರ ಇದ್ರ, ಅದನ್ನ ಬದಲಿ ಮಾಡಿಸದ ಸ್ವಿಚ್ ಮುಟ್ಟಬ್ಯಾಡ್ರಿ. ಹತ್ತಿಪ್ಪತ್ತು ರೂಪಾಯಿದ ಸಾಮಾನು. ಗೊತ್ತಿದ್ದವರ ಕಡಿಂದನ ಮಾಡಸ್ರಿ, ಆ ಪೆಟಗಿ ಮನಿ ಮಂದಿ ಬಿಚ್ಚೂವಂಥಾದ್ದಲ್ಲ.

ಕೆಪಾಸಿಟರ್ ಬದಲಿ ಆತು. ಇನ್ನ ನೋಡೂದು ಎದರಾಗ? ಗ್ವಾಡಿ ಮ್ಯಾಲಿನ ಟೀವಿಗೆ ಹಚ್ಚಿದ್ರ ಇರಿವಿ ಮೆರವಣಿಗಿ ಹೊಂಟಂಗ ಕಾಣ್ತು, ಅಕ್ಷರ ಒಂದರ ಮ್ಯಾಲೊಂದು ಹರಕೊಂಡು. ಮಗನ ಕಂಪ್ಯೂಟರಿನ ಮಾನಿಟರಿಗೆ ಅದರ ಭಾಷಾನ ತಿಳೀಲಿಲ್ಲ. ಬಿಬಿಸಿ ಒಂದು ಸೆಕೆಂಡಿಗೆ 15,625 ಗೆರಿ ಎಳೀತದ, ಹಳೇ ಟೀವಿ ಲೆಕ್ಕದಾಗ. ಕಂಪ್ಯೂಟರ್ ಮಾನಿಟರುಗಳು ಸಾಮಾನ್ಯಾಗಿ 31 ಸಾವಿರದಿಂದನ ಶುರು. ಹಿಂಗಾಗಿ ಬೇಕಾದದ್ದು ಹಳೇ ಕಾಲದ ದಪ್ಪ ಗಾಜಿಂದ, ಅದೂ ಕೆಂಪು, ಹಸಿರು, ನೀಲಿ ಬ್ಯಾರೆ ಬ್ಯಾರೆ ತೊಗೊಳ್ಳೂವಂಥಾದ್ದು.

"ನಮ್ಮ ಕಾಕಾನ ಕಡೆ ಇತ್ತಲ್ಲ!" ಅಂದೆ.

ಕಾಕಾ ಹುಬ್ಬಳ್ಯಾಗ ಇಪ್ಪತ್ತು ವರ್ಷ ಲಗ್ನದ ವಿಡಿಯೋ ಮಾಡಿದಾಂವ. ಇದನ್ನ ಓದೋರೊಳಗ ಎಷ್ಟು ಮಂದಿ ಅಕ್ಕಿಕಾಳು ಅವನ ಕ್ಯಾಸೆಟ್ಟಿನ್ಯಾಗ ಅವನೋ! ಅವನ ಮಿಕ್ಸಿಂಗ್ ಖೋಲ್ಯಾಗ 14 ಇಂಚಿನ ಸೋನಿ ಮಾನಿಟರ್ ಇತ್ತು, ಸ್ಟುಡಿಯೋದವರು ಇಟ್ಟುಕೊಳ್ಳೂವಂಥಾದ್ದು. ಟೀವಿ ಅಂದ್ರ ಸಿಟ್ಟಿಗೇಳ್ತಿದ್ದ. ಅದಕ್ಕ ಚಾನೆಲ್ ಇಲ್ಲ, ಆಂಟೆನಾ ಇಲ್ಲ. ಕ್ಯಾಮೆರಾದಿಂದ ಏನು ಬಂತೋ ಅದನ್ನ ಮುಚ್ಚುಮರಿ ಇಲ್ದ ತೋರಸೂದಷ್ಟ ಕೆಲಸ. "ಮನಿ ಟೀವಿ ಮೋತಿಗೆ ಪೌಡರ್ ಹಚ್ಚಿ ತೋರಸ್ತದ. ಇದು ಎದ್ದು ಬಂದ ಮೋತಿ ತೋರಸ್ತದ," ಅಂತಿದ್ದ. ಮದಲಗಿತ್ತಿ ಸೀರಿ ಬಣ್ಣ ಖರೆ ಬಂದದ ಇಲ್ಲೋ ಅಂತ ಇದರಾಗ ನೋಡಿನ ಕ್ಯಾಸೆಟ್ ಕೊಡಾಂವ. ಅಂಗಡಿ ಮುಚ್ಚಿ ಹತ್ತು ವರ್ಷ ಆದ್ರೂ ಮಾನಿಟರ್ ಮಾರಿರಲಿಲ್ಲ. ಕಾಕೂನೂ ಅದನ್ನ ಗುಜರಿಗೆ ಹಾಕ್ರಿ ಅಂತ ಎಷ್ಟು ಸಲ ಅಂದಾಳೋ. (ಕಾಕೂ, ನಾನೂ ನಿನ್ನ ಪಕ್ಷದಾಕೀನ ಇದ್ದೆ, ಸುಳ್ಳ ಯಾಕ ಹೇಳ್ಲಿ.)

ಫೋನ್ ಮಾಡಿದ ಮರುದಿನಾನ ಕಾಕಾ ಕಾರಿನ್ಯಾಗ ಮಾನಿಟರ್ ಹಾಕ್ಕೊಂಡು ಬಂದ. ಇಬ್ಬರು ಹಿಡದು ಇಳಸಬೇಕಾತು, ಅಷ್ಟು ಭಾರ. ಜೋಡಿ ಒಂದು ಚೀಲದ ತುಂಬ ವೈರು, ತುದಿಗೆ ತಿರುವಿ ಕೂಡಸೋ ಬೆಳ್ಳಿ ಬಣ್ಣದ ಮೂತಿ. ಬಿಎನ್‌ಸಿ ಅಂತಾರ. ನೋಡಿದ್ರ ಬಿಬಿಸಿ ಹಿಂದೂ ಅಂಥಾದ್ದ ಒಂದು ಮೂತಿ! ಒಂದ ವೈರು, ಈ ಕಡೆ ಒಂದು ತಿರುವು, ಆ ಕಡೆ ಒಂದು ತಿರುವು, ಚಿತ್ರ ಬಂತು. ಕರೀ ಹಲಗಿ ಮ್ಯಾಲೆ ಸುಣ್ಣದಾಗ ಬರದಂಗ ಅಕ್ಷರ: ಬಿಬಿಸಿ ಕಂಪ್ಯೂಟರ್ 32ಕೆ. ನಾವೆಲ್ಲಾ ಚಪ್ಪಾಳಿ.

ಅವ್ವ ಎದ್ದು ಒಳಗ ಹೋದ್ಳು. ಬ್ಯಾಸರಾತೇನೋ ಅನ್ಕೊಂಡೆ. ಟ್ರಂಕಿನಿಂದ ಒಂದು ಚೌಕಳಿ ಗೆರಿ ನೋಟ್‌ಬುಕ್ ತೊಗೊಂಡು ಬಂದ್ಳು.

ಆ ನೋಟ್‌ಬುಕ್ಕಿನ ಬಗ್ಗೆ ಹೇಳಬೇಕು. ಸಾಲಿಗೆ ಕಂಪ್ಯೂಟರ್ ಜೋಡಿ ಬಂದ ಪಾಠ ಎಲ್ಲಾ ಇಂಗ್ಲೀಷಿನ್ಯಾಗ. ಆದ್ರ ಬಿಬಿಸಿಯೊಳಗ ನಮ್ಮ ಅಕ್ಷರ ನಾವ ಮಾಡ್ಕೊಳ್ಳಿಕ್ಕೆ ಬರ್ತದ. ಒಂದು ಮನಿಗೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ, ನಾವು ಚುಕ್ಕಿ ರಂಗೋಲಿ ಹಾಕಿದಂಗ. ಎಡದಿಂದ ಒಂದೊಂದು ಚುಕ್ಕಿಗೆ ಒಂದು ಬೆಲಿ: 128, 64, 32, 16, 8, 4, 2, 1. ಹಚ್ಚಿದ ಚುಕ್ಕಿ ಬೆಲಿ ಕೂಡಿಸಿದ್ರ ಆ ಸಾಲಿನ ಸಂಖ್ಯಾ. ನಟ್ಟ ನಡುವಿನ ನಾಲ್ಕು ಚುಕ್ಕಿ ಹಚ್ಚಿದ್ರ 60, ಸಾಲು ಪೂರಾ ಹಚ್ಚಿದ್ರ 255. ಇಂಥಾ ಎಂಟು ಸಂಖ್ಯಾ ಕೊಟ್ರ ಒಂದು ಮನಿ ತುಂಬ್ತದ. ನಮ್ಮ ದುಂಡನ ಅಕ್ಷರ ಒಂದು ಮನ್ಯಾಗ ಹಿಡಸೂದಿಲ್ಲ, ಅದಕ್ಕ ಅವ್ವ ಒಂದಕ್ಕ ಎರಡು ಮನಿ ಕೊಟ್ಟಿದ್ಳು. ಸಿಗೂದು 32 ಮನಿ. ಅ ದಿಂದ ಅಃ ದ ತನಕಾ 15 ಅಕ್ಷರಕ್ಕ 30 ಮನಿ. ಎಲ್ಲಾ ಪೆನ್ಸಿಲಿನ್ಯಾಗ ತುಂಬಿ, ಅಳಿಸಿ, ಮತ್ತ ತುಂಬಿ. ಕಾಗದ ಅಲ್ಲಲ್ಲೆ ತೂತು.

ಕ್ಯಾಸೆಟ್ಟಿಗೆ ಬೂಜು ಹಿಡದಿತ್ತು, ಅದಕ್ಕ ಅವ್ವ ಓದಿದ್ಳು, ನಾ ಒತ್ತಿದೆ. ನಾ ತಪ್ಪು ಒತ್ತಿದಾಗ ಅದು 'ಮಿಸ್ಟೇಕ್' ಅಂತ ಒಂದ ಶಬ್ದ ಬರೀತದ, ಮತ್ತೇನೂ ಇಲ್ಲ. "ನಿಮ್ಮ ಆಯಿಯಂಗ," ಅಂದು ಅವ್ವ ನಕ್ಕಳು. ಆ ನಗಿ ಕೇಳಿ ಎರಡು ವರ್ಷ ಆಗಿತ್ತು.

ಎರಡು ತಾಸು ಹಿಡೀತು. ಅಕ್ಷರ ಬಂದ್ವು, ಚೊಕ್ಕ, ಮೂಡಿ ನಿಂತಂಗ. ಅವ್ವ ಮಾತ್ರ ಕನ್ನಡಕ ಸರಿ ಮಾಡ್ಕೊಂಡು, "ಅರಿಷಿಣ ಎಲ್ಲೆ? ಕುಂಕುಮ ಎಲ್ಲೆ? ಎಲ್ಲಾ ಬೂದಿ ಆಗೇದಲ್ಲವಾ," ಅಂದ್ಳು. ಆಕಿ ಹ್ರಸ್ವಕ್ಕ ಹಳದಿ, ದೀರ್ಘಕ್ಕ ಕೆಂಪು ಕೊಟ್ಟಿದ್ಳು. ಪಾಠ ಇದ್ದದ್ದ ಬಣ್ಣದಾಗ. "ಸಾಲ್ಯಾಗ ನೋಡಿದ್ದ್ಯಲ್ಲ?" ಅಂದ್ರ, "ಅಲ್ಲಿದ್ದದ್ದೂ ಬಣ್ಣ ಇಲ್ಲದ್ದ. ಮನಸ್ಸಿನ್ಯಾಗ ನೋಡೀನಿ," ಅಂದ್ಳು.

ಯಾರೂ ಏನೂ ಅನ್ನಲಿಲ್ಲ. ಕಾಕಾ ಒಂದು ಸಲ ಕೆಮ್ಮಿ, "ವೈನಿ, ಬಣ್ಣಾ ತೋರಸದ ನಾ ಹುಬ್ಬಳ್ಳಿಗೆ ಹೋಗೂದಿಲ್ರಿ," ಅಂದ.

ಆ ಒಂದ ವೈರಿನ್ಯಾಗ ಬರೂದು ಕಪ್ಪು ಬಿಳುಪ. ಬಣ್ಣ ಬರೂದು ಬಾಜೂದ ಆರು ಕಡ್ಡಿಯ ದುಂಡನ ಸಾಕೆಟ್ಟಿನಿಂದ: ಕೆಂಪು, ಹಸಿರು, ನೀಲಿ, ಚಿತ್ರ ಜೋಡಸೋ ಸಿಂಕು, ಅರ್ಥಿಂಗು. ಆರನೇದ್ರಾಗ 5 ವೋಲ್ಟ್ ಕರೆಂಟು, ಅದನ್ನ ಮುಟ್ಟೂದಲ್ಲ. ಅದಕ್ಕ ಹೊಂದೋ ಪಿನ್ ಧಾರವಾಡದಾಗ ಸಿಗಲಿಲ್ಲ, ಮಗನ ಗೆಳೆಯ ಬೆಂಗಳೂರಿನ ಎಸ್.ಪಿ. ರೋಡಿನಿಂದ ಕಳಿಸಿದ. ನಾಲ್ಕು ದಿನಾ ಕಾಕಾ ನಮ್ಮ ಮನ್ಯಾಗ, ಚಹಾದ ಮ್ಯಾಲೆ ಚಹಾ.

ಬರೇ ವೈರ್ ಕೂಡಿಸಿದ್ರ ಸಾಕಾಗಿಲ್ಲ. ಬಿಬಿಸಿ ಬಣ್ಣಾನ ಒದರಿ ಹೇಳ್ತದ, ಮಾನಿಟರಿಗೆ 0.7 ವೋಲ್ಟಿನ ಮೆಲ್ಲಗಿನ ಮಾತು ಬೇಕು. ಅದಕ್ಕ ಒಂದೊಂದು ಬಣ್ಣಕ್ಕ ಒಂದು ರೆಸಿಸ್ಟರ್. ಮಗ ಲೆಕ್ಕಾ ಹಾಕಿ 470 ಓಮಿಂದು ಹಾಕಿದ. ಹಚ್ಚಿದ್ರ ಚಿತ್ರ ಮಾಳಿಗಿಗೆ ಮಾಳಿಗಿಗೆ ಜಿಗ್ಯಾಕತ್ತು. ಕಾಕಾ ಮುಂದಿನ ಎಕ್ಸ್‌ಟರ್ನಲ್ ಸಿಂಕ್ ಗುಂಡಿ ಒತ್ತಿದ, ನಿಂತು. ಆದ್ರ ಮಬ್ಬು. 330 ಹಾಕಿದ್ರು, ಬೆಳಕಾತು. ಬೆಳಕಾತು ಖರೆ, ಎಲ್ಲಾ ಅಕ್ಷರ ಕೆಂಪು! ಹ್ರಸ್ವನೂ ಕೆಂಪ, ದೀರ್ಘನೂ ಕೆಂಪ. ಬೆಳ್ಳಗ ಇರಬೇಕಾದ ಅಂ, ಅಃ ಬದನಿಕಾಯಿ ಬಣ್ಣ.

ಮಗ ಪ್ರೋಗ್ರಾಮಿನ್ಯಾಗ ತಪ್ಪು ಅದ ಅಂದ. ಕಾಕಾ ಮಾನಿಟರ್ ಹಿಂದ ಕೈ ಹಾಕ್ಲಿಕ್ಕೆ ಹೋದ. ಅವ್ವ ಕೂತಲ್ಲಿಂದನ, "ಹಸಿರು ಬರವಲ್ದು. ಬೆಳಕಿನ್ಯಾಗ ಕೆಂಪು ಹಸಿರು ಕೂಡಿದ್ರನ ಹಳದಿ. ಹಸಿರಿನ ವೈರ್ ನೋಡ್ರಪಾ," ಅಂದ್ಳು. ನೋಡಿದ್ರ, ಹಸಿರಿನ ಬೆಸಿಗಿ ಹತ್ತಿರಲಿಲ್ಲ, ಬರೇ ತಾಗಿಕೊಂಡು ನಿಂತಿತ್ತು. ಕಾಕಾ ಎರಡೂ ಕೈ ಜೋಡಿಸಿದ. "ಟೀಚರ್ ಮುಂದ ನಮ್ಮದೇನು ನಡೀತದ್ರೀ."

ಮತ್ತ ಹಚ್ಚಿದ್ರು. ಅ ಅರಿಷಿಣ, ಆ ಕುಂಕುಮ, ಇ ಅರಿಷಿಣ, ಈ ಕುಂಕುಮ. ಕಪ್ಪು ಗಾಜಿನ ಮ್ಯಾಲೆ ಒಂದೊಂದು ಚುಕ್ಕಿ ಎಣಸೂ ಹಂಗ. ಅವ್ವ ಖುರ್ಚಿ ಮುಂದ ಸರಿಸಿಕೊಂಡು ಮೂಗು ತಾಗೂ ಹಂಗ ನೋಡಿದ್ಳು. ಕೈ ಎತ್ತಿ ಗಾಜು ಮುಟ್ಟಲಿಲ್ಲ, ಮುಟ್ಟೂ ಹಂಗ ಮಾಡಿ ಇಳಿಸಿದ್ಳು.

ನೋಟ್‌ಬುಕ್ಕಿನ ಕಡೀ ಎರಡು ಮನಿಗೆ ಸಂಖ್ಯಾ ಇತ್ತು, ಬಾಜೂಕ ಅಕ್ಷರ ಬರದಿರಲಿಲ್ಲ. ಅದನ್ನೂ ಒತ್ತು ಅಂದ್ಳು. ಒತ್ತಿದೆ. ಕಡೀ ಸಾಲಿನ್ಯಾಗ ಬೆಳ್ಳಗ ಒಂದು ಬೆಕ್ಕು, ಬಾಲಾ ಮುದುಡಿಕೊಂಡು ಮಲಗಿದ್ದು. ಒಂದು ಕಿವಿ ಸಣ್ಣದು, ಒಂದು ದೊಡ್ಡದು.

"ಗುರ್ತು ಸಿಗ್ತೇನು?" ಅಂದ್ಳು. ನನಗ ಸಿಗಲಿಲ್ಲ. ಹಾಳಿ ತಿರುವಿ ತೋರಿಸಿದ್ಳು. ಚೌಕಳಿಯೊಳಗ ಯಾರೋ ಪೆನ್ಸಿಲ್ ಒತ್ತಿ ಒತ್ತಿ ತುಂಬಿದ್ರು, ಮನಿ ದಾಟಿ ಹೊರಗ ಹೋಗಿತ್ತು. ಕೆಳಗ ಸೊಟ್ಟ ಅಕ್ಷರದಾಗ ನನ್ನ ಹೆಸರು. ಸಾಲಿ ಮೂಲ್ಯಾಗ ಕೂತು ನಾ ಹಸಗೊಂಡದ್ದಷ್ಟ ನನಗ ನೆನಪಿತ್ತು, ಬೆಕ್ಕು ಬರದದ್ದು ನೆನಪಿರಲಿಲ್ಲ. ನಾ ಅಡಗಿಮನಿಗೆ ಹೋಗಿ ಚಹಾಕ್ಕ ಇಟ್ಟೆ. ಯಾರಿಗೂ ಚಹಾ ಬೇಕಾಗಿರಲಿಲ್ಲ.

ಈಗ ಮಾನಿಟರ್ ನಮ್ಮ ಪಡಸಾಲ್ಯಾಗ ಕೂತದ, ಕಾಕಾ ಅದನ್ನ ಬಿಟ್ಟು ಹೋದ. ಸಂಜಿಗೆ ಓಣಿ ಹುಡುಗ್ರು ಬಂದು 'ಮಿಸ್ಟೇಕ್' ಮಾಡ್ಸಿ ನಗತಾವ. ಅವ್ವಗ ಹೊಸಾ ಚೌಕಳಿ ನೋಟ್‌ಬುಕ್ ತಂದು ಕೊಟ್ಟೀನಿ, ವ್ಯಂಜನ ಶುರು ಮಾಡ್ಯಾಳ. 32 ಮನ್ಯಾಗ 34 ವ್ಯಂಜನ ಹಿಡಸೂದಿಲ್ಲ, ಕಂತಿನ್ಯಾಗ ಮಾಡಬೇಕು. "ಆ ಬೆಕ್ಕು ತಗದ್ರ ಇನ್ನೊಂದು ಅಕ್ಷರಕ್ಕ ಜಾಗಾ ಆಗ್ತದ ನೋಡು," ಅಂದೆ ನಿನ್ನೆ. ಅವ್ವ ಪೆನ್ಸಿಲ್ ಕೆತ್ತಿಕೋತ, "15 ಹಿಡಸ್ತಾವ, ಸಾಕು," ಅಂದ್ಳು.